ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ: ಕಾಪಿ ಸಿಕ್ಕಿಕೊಳ್ಳುವುದೆಲ್ಲಿ?

ಜನವರಿಯಲ್ಲಿ ತಿಂಥಣಿ ಬ್ರಿಜ್ ಬಳಿಯ ಕನಕ ಗುರುಪೀಠದಲ್ಲಿ ಹಾಲುಮತ ಸಂಸ್ಕೃತಿ ವೈಭವ. ಅದರ ಸದ್ದಡಗುವಷ್ಟರಲ್ಲಿ ಕೃಷ್ಣೆಯ ಈಚೆ ದಂಡೆಯಲ್ಲಿ ತಿಂಥಣಿ ಮೌನೇಶ್ವರರ ಜಾತ್ರೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಈ ಜಾತ್ರೆಗೆ ಹೊಳೆಯ ಎರಡೂ ಕಡೆಯಿಂದ ಜನ ಸೇರುತ್ತಾರೆ. ಈಗೀಗ ಅವರ ಜೊತೆ ಡ್ರೋನು, ಗಿಂಬಲ್ಲು, ಫೋರ್‌ಕೆ ಕ್ಯಾಮೆರಾಗಳೂ ಬರುತ್ತವೆ. ಜಾತ್ರೆ ಮುಗಿಯಿತೆಂದರೆ ಮದುವೆ ಹಂಗಾಮು. ಈ ತಿಂಗಳುಗಳಲ್ಲಿ ಸುರಪುರ, ಶಹಾಪುರ, ಹುಣಸಗಿ, ಕೆಂಭಾವಿ ಕಡೆಯ ಸ್ಟುಡಿಯೊಗಳಲ್ಲಿ ಒಂದಲ್ಲ ಒಂದು ಸಲ ಕಿವಿಗೆ ಬೀಳುವ ಮಾತು: ‘ಕಾಪಿ ಆಗ್ಲಿಕತ್ಯಾದ್ರೀ, ಇನ್ನಾ ಎರಡ ತಾಸ ತೋರಸ್ಲಿಕತ್ಯಾದ.’ ಹಳೆಯ ಹಾರ್ಡ್ ಡಿಸ್ಕಿನ ಕಾಲದಲ್ಲಿ ಈ ಮಾತಿಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಒಂದು ಎಸ್‌ಎಸ್‌ಡಿಯಿಂದ ಇನ್ನೊಂದು ಎಸ್‌ಎಸ್‌ಡಿಗೆ ಕಾಪಿ ಮಾಡುವಾಗಲೂ ಇದೇ ಮಾತು ಕೇಳಿದರೆ ವಿಚಾರಿಸಬೇಕಾಗುತ್ತದೆ.

ಲೆಕ್ಕ ಹಾಕೋಣ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಫೋರ್‌ಕೆ ವಿಡಿಯೊ ತೆಗೆದರೆ ಒಂದು ತಾಸಿಗೆ 45 ಜಿಬಿ ತುಂಬುತ್ತದೆ. ಎರಡು ಕ್ಯಾಮೆರಾ, ತಲಾ ನಾಲ್ಕು ತಾಸಿನ ಮದುವೆ ಎಂದರೆ 360 ಜಿಬಿ. ಇದು ಸೆಕೆಂಡಿಗೆ 450 ಎಂಬಿ ವೇಗದಲ್ಲಿ ಹರಿದರೆ ಹದಿಮೂರು ನಿಮಿಷದ ಕೆಲಸ. 40 ಎಂಬಿಯಲ್ಲಿ ಹರಿದರೆ ಎರಡೂವರೆ ತಾಸು. ಡ್ರೈವ್ ಅದೇ, ಕಂಪ್ಯೂಟರ್ ಅದೇ, ಫೈಲೂ ಅದೇ. ಇಷ್ಟು ದೊಡ್ಡ ಅಂತರಕ್ಕೆ ಎಷ್ಟೋ ಸಲ ಕಾರಣ ನೂರಿನ್ನೂರು ರೂಪಾಯಿಯ ಒಂದು ಕೇಬಲ್.

ಸಾಮಾನ್ಯವಾಗಿ ಮೊದಲು ಬೈಸಿಕೊಳ್ಳುವುದು ವೈರಸ್ಸು, ಆಮೇಲೆ ವಿಂಡೋಸು, ಕೊನೆಗೆ ಡ್ರೈವ್. ‘ಇದು ಹೋಯ್ತು, ಹೊಸದು ತಗೋರಿ’ ಎಂಬ ಸಲಹೆ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ. ನನ್ನ ಅಭಿಪ್ರಾಯ ಬೇರೆ. ನಿಧಾನ ಕಾಪಿಯ ಪ್ರಕರಣಗಳಲ್ಲಿ ಡ್ರೈವ್ ನಿಜಕ್ಕೂ ಕೆಟ್ಟಿರುವುದು ಕಡಿಮೆ. ಒಂದೋ ದಾರಿ ಕಿರಿದಾಗಿರುತ್ತದೆ, ಇಲ್ಲವೇ ಡ್ರೈವ್ ತನ್ನನ್ನು ಮಾಡಿಟ್ಟ ಹಾಗೆಯೇ ನಡೆದುಕೊಳ್ಳುತ್ತಿರುತ್ತದೆ. ಎರಡನೆಯದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಪತ್ತೆದಾರಿಕೆಗೆ ಬೇಕಾದ ಮೊದಲ ಸಾಧನ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ವಿಂಡೋಸ್‌ನಲ್ಲಿ ಕಾಪಿ ಹಚ್ಚಿ ‘ಮೋರ್ ಡೀಟೇಲ್ಸ್’ ಒತ್ತಿದರೆ ಹಸಿರು ಗ್ರಾಫ್ ತೆರೆದುಕೊಳ್ಳುತ್ತದೆ. ಶುರುವಿನ ಕೆಲವು ಸೆಕೆಂಡುಗಳ ಭಾರೀ ಅಂಕಿಯನ್ನು ನಂಬಬೇಡಿ. ಅದು ಬಹುಪಾಲು ರ‍್ಯಾಮ್‌ಗೆ ಹೋಗುತ್ತಿರುವ ದತ್ತಾಂಶ, ಡ್ರೈವ್‌ಗೆ ಇನ್ನೂ ತಲುಪಿರುವುದಿಲ್ಲ. ಅದು ಕಳೆದ ಮೇಲೆ ಗೆರೆ ಹೇಗೆ ಓಡುತ್ತದೆ ಎಂಬುದನ್ನು ನೋಡಬೇಕು. ಮೊದಲಿನಿಂದ ಕೊನೆಯವರೆಗೆ ತಗ್ಗಿನಲ್ಲೇ ನೇರವಾಗಿ ಓಡಿದರೆ ದಾರಿ ಕಿರಿದು. ಚೆನ್ನಾಗಿ ಓಡಿ, ನಡುವೆ ಒಮ್ಮೆಲೇ ಕುಸಿದು, ಮತ್ತೆ ಏಳದೇ ಹೋದರೆ ಡ್ರೈವ್‌ನ ಕ್ಯಾಶ್ ತುಂಬಿದೆ (ಕ್ಯಾಶ್ ಎಂದರೇನೆಂದು ಮುಂದೆ ನೋಡೋಣ). ಇಳಿದು, ಏರಿ, ಮತ್ತೆ ಇಳಿಯುತ್ತಿದ್ದರೆ ಬಿಸಿಯ ಮೇಲೆ ಗುಮಾನಿಪಡಬಹುದು. ಪದೇ ಪದೇ ಸೊನ್ನೆಗೆ ಮುಟ್ಟಿ ನಿಂತರೆ ಒಂದೋ ಸಣ್ಣ ಫೈಲುಗಳ ರಾಶಿ, ಇಲ್ಲವೇ ನಿಜವಾದ ಅಪಾಯ. ಈ ಓದು ನೂರಕ್ಕೆ ನೂರು ಸರಿಯಾಗುವುದಿಲ್ಲ, ಆದರೆ ಎಲ್ಲಿಂದ ಹುಡುಕಬೇಕು ಎಂಬುದನ್ನು ಹೇಳುತ್ತದೆ.

ದಾರಿಯ ವಿಚಾರ ಮೊದಲು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಸವಸಾಗರದ ಗೇಟಿನಲ್ಲಿ ಎಷ್ಟು ಕ್ಯುಸೆಕ್ ಬಿಟ್ಟರು ಎನ್ನುವುದು ಪೇಪರಿನ ಸುದ್ದಿ, ಹೊಲಗಾಲುವೆಯ ಬಾಯಲ್ಲಿ ಎಷ್ಟು ಬಂತು ಎನ್ನುವುದು ಬೆಳೆಯ ಸುದ್ದಿ. ಎರಡು ಎಸ್‌ಎಸ್‌ಡಿಗಳ ನಡುವೆಯೂ ಗೇಟಿನಿಂದ ಗೇಟಿಗೆ ನಾಲ್ಕೈದು ತಿರುವುಗಳಿವೆ. ಅವುಗಳಲ್ಲಿ ಅತಿ ಕಿರಿದಾದದ್ದೇ ಕಾಪಿಯ ವೇಗವನ್ನು ತೀರ್ಮಾನಿಸುತ್ತದೆ.

ಕಂಪ್ಯೂಟರಿನ ಒಳಗೆ ಕೂರುವ ಡ್ರೈವ್‌ಗಳಲ್ಲಿ ಹಳೆಯ ಬಗೆ ಸಾಟಾ. ಅದರ ಗರಿಷ್ಠ ಸೆಕೆಂಡಿಗೆ 6 ಗಿಗಾಬಿಟ್. ಕೈಗೆ ಸಿಗುವುದು 550 ಎಂಬಿ ಆಸುಪಾಸು. ಎನ್‌ವಿಎಂಇ ಡ್ರೈವ್‌ಗಳು ಪಿಸಿಐಇ ದಾರಿಯಲ್ಲಿ ಓಡುತ್ತವೆ. ಮೂರನೇ ತಲೆಮಾರಿನದಾದರೆ 3,500 ಎಂಬಿ, ನಾಲ್ಕನೆಯದಾದರೆ 7,000 ಎಂಬಿವರೆಗೆ. ಇಲ್ಲೊಂದು ಗೊಂದಲ ಇದೆ. ಎಂ.2 ಎಂಬ ಚೂಯಿಂಗ್ ಗಮ್ ಗಾತ್ರದ ಪಟ್ಟಿಯಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಮೇಲ್ನೋಟಕ್ಕೆ ಅಣ್ಣತಮ್ಮಂದಿರು, ವೇಗದಲ್ಲಿ ಆರೇಳು ಪಟ್ಟು ಅಂತರ. ಡ್ರೈವ್ ಸರಿಯಿದ್ದರೂ ಅದನ್ನು ಸಿಕ್ಕಿಸಿದ ಸ್ಲಾಟಿಗೆ ನಾಲ್ಕು ಲೇನ್‌ಗಳ ಬದಲು ಎರಡೇ ಇದ್ದರೆ ವೇಗ ಅರ್ಧ. ಕೆಲವು ಮದರ್‌ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟು ಚಿಪ್‌ಸೆಟ್ ಮೂಲಕ ಹಾದು ಬರುತ್ತದೆ. ಆ ಒಂದೇ ದಾರಿಯನ್ನು ಸಾಟಾ ಪೋರ್ಟುಗಳು, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವೂ ಹಂಚಿಕೊಳ್ಳುತ್ತವೆ.

ಡ್ರೈವ್‌ಗೆ ಎಷ್ಟು ಲೇನ್ ಸಿಕ್ಕಿವೆ ಎಂದು ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ‘ಟ್ರಾನ್ಸ್‌ಫರ್ ಮೋಡ್’ ಎಂಬ ಸಾಲಿದೆ. ಅಲ್ಲಿ ಎರಡು ಮೌಲ್ಯಗಳು ಅಕ್ಕಪಕ್ಕ ಕಾಣುತ್ತವೆ: ಎಡಗಡೆಯದು ಈಗ ಓಡುತ್ತಿರುವ ವೇಗ, ಬಲಗಡೆಯದು ಡ್ರೈವ್‌ನ ಸಾಮರ್ಥ್ಯ. ಎಡಕ್ಕೆ ‘ಎಕ್ಸ್2’ ಎಂದೂ ಬಲಕ್ಕೆ ‘ಎಕ್ಸ್4’ ಎಂದೂ ಇದ್ದರೆ ಸ್ಲಾಟ್ ಬದಲಿಸಿ. ಡ್ರೈವ್ ಬದಲಿಸುವ ಅಗತ್ಯವಿಲ್ಲ.

ಸ್ಟುಡಿಯೊಗಳಲ್ಲಿ ಹೆಚ್ಚು ಪೇಚಾಟ ಆಗುವುದು ಹೊರಗಿನಿಂದ ಸಿಕ್ಕಿಸುವ ಎಸ್‌ಎಸ್‌ಡಿಗಳಲ್ಲಿ. ಯುಎಸ್‌ಬಿ 2.0 ಎಂದರೆ 480 ಮೆಗಾಬಿಟ್, ಕೈಗೆ ಸಿಗುವುದು 35ರಿಂದ 40 ಎಂಬಿ. ಯುಎಸ್‌ಬಿ 3.0 ಎಂದರೆ 5 ಗಿಗಾಬಿಟ್, ಕೈಗೆ 400ರಿಂದ 450 ಎಂಬಿ. ಅದರ ಮೇಲಿನದು 10 ಗಿಗಾಬಿಟ್, ಅಲ್ಲಿ ಸುಮಾರು 1,000 ಎಂಬಿ. ಆದರೆ ಹೆಸರಿಡುವವರು ಮಾಡಿದ ಅವಾಂತರ ನೋಡಿ: ಒಂದೇ 5 ಗಿಗಾಬಿಟ್ ವೇಗಕ್ಕೆ ಮೊದಲು 3.0 ಎಂದರು, ಆಮೇಲೆ 3.1 ಜೆನ್ 1 ಎಂದರು, ಆಮೇಲೆ 3.2 ಜೆನ್ 1 ಎಂದರು. ಡಬ್ಬದ ಮೇಲೆ ‘3.2’ ಎಂದು ನೋಡಿ ಹೊಸ ವೇಗ ಬಂತೆಂದು ಕೊಂಡವನ ತಪ್ಪೇನು? 20 ಗಿಗಾಬಿಟ್‌ನ ‘2ಎಕ್ಸ್2’ ಡ್ರೈವ್‌ಗಳ ಕಥೆ ಇನ್ನೂ ವಿಚಿತ್ರ. ಅದನ್ನು ಒಪ್ಪುವ ಪೋರ್ಟು ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಇಲ್ಲದ ಕಡೆ ಅದು ಚಕಾರವೆತ್ತದೆ 10 ಗಿಗಾಬಿಟ್‌ಗೆ ಇಳಿದುಬಿಡುತ್ತದೆ.

ಕಾಪಿ ಗ್ರಾಫ್ 35ರಿಂದ 42 ಎಂಬಿ ನಡುವೆ ನೇರವಾಗಿ ಓಡುತ್ತಿದ್ದರೆ ಬೇರೇನೂ ಯೋಚಿಸಬೇಡಿ, ದಾರಿಯಲ್ಲಿ ಎಲ್ಲೋ ಯುಎಸ್‌ಬಿ 2.0 ಇದೆ. ಅದು ಹೆಚ್ಚಾಗಿ ಇರುವುದು ಕೇಬಲ್‌ನಲ್ಲಿ. ಟೈಪ್-ಸಿ ಬಂದ ಮೇಲೆ ಮೊಬೈಲ್ ಚಾರ್ಜರಿನ ಕೇಬಲ್ಲೂ ಎಸ್‌ಎಸ್‌ಡಿಯ ಕೇಬಲ್ಲೂ ನೋಡಲು ಒಂದೇ. ಎಸ್‌ಎಸ್‌ಡಿ ಜೊತೆ ಬಂದ ಗಿಡ್ಡ ಕೇಬಲ್ ಕಳೆದುಹೋಗಿ, ಫೋನಿನ ಉದ್ದ ಕೇಬಲ್ ಅದರ ಜಾಗಕ್ಕೆ ಬಂದ ದಿನದಿಂದ ವೇಗ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಯಾರಿಗೂ ಹೊಳೆಯುವುದಿಲ್ಲ. ಚಾರ್ಜಿಂಗ್ ಕೇಬಲ್‌ನಲ್ಲಿ ವೇಗದ ಯುಎಸ್‌ಬಿಗೆ ಬೇಕಾದ ಹೆಚ್ಚುವರಿ ತಂತಿಗಳೇ ಇರುವುದಿಲ್ಲ. ದುಬಾರಿ ಫೋನಿನ ಕೇಬಲ್ ಎಂದರೆ ವೇಗದ ಕೇಬಲ್ ಎಂದೂ ಅಲ್ಲ. 2023ರ ಐಫೋನ್ 15 ಪ್ರೊ 10 ಗಿಗಾಬಿಟ್ ಒಪ್ಪುತ್ತದೆ, ಆದರೆ ಅದರ ಡಬ್ಬದಲ್ಲಿ ಕೊಟ್ಟ ಕೇಬಲ್ ಯುಎಸ್‌ಬಿ 2.0.

ಕೇಬಲ್ ಸರಿಯಿದ್ದರೆ ಪೋರ್ಟು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟುಗಳು ಒಳಗಿನ ತಂತಿಯ ಮೂಲಕ ಮದರ್‌ಬೋರ್ಡಿಗೆ ಸೇರಿರುತ್ತವೆ. ಆ ತಂತಿ ಸಡಿಲವಾದರೆ ಯುಎಸ್‌ಬಿ 3.0ರ ನೀಲಿ ಪೋರ್ಟು ನೀಲಿಯಾಗಿಯೇ ಇದ್ದು 2.0 ವೇಗ ಕೊಡುತ್ತದೆ. ಹಿಂದಿನ ಪೋರ್ಟಿಗೆ ಹಚ್ಚಿ ನೋಡಿ. ಇನ್ನೊಂದು ಚಿಕ್ಕ ವಿಷಯ ಅಂಗಡಿಯವರಿಗೂ ಗೊತ್ತಿರುವುದಿಲ್ಲ: ಅಗಲ ಮೂತಿಯ ಯುಎಸ್‌ಬಿ 3 ಪ್ಲಗ್ಗನ್ನು ನಿಧಾನವಾಗಿ ತೂರಿಸಿದರೆ ಮುಂದಿನ ಸಾಲಿನ ಹಳೆಯ ಸಂಪರ್ಕಗಳು ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಸಾಧನ ಎಂದೇ ಗುರುತಿಸಿಬಿಡಬಹುದು. ತೆಗೆದು ಒಂದೇ ಸಲಕ್ಕೆ ದೂಡಿ ಹಚ್ಚಿದರೆ ಸರಿಹೋಗುತ್ತದೆ. ಎರಡೂ ಡ್ರೈವ್‌ಗಳನ್ನು ಒಂದೇ ಹಬ್‌ಗೆ ಹಚ್ಚಿದ್ದರೆ ಅವು ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಆಮೇಲೆ ಡಬ್ಬಿ. ಬಿಡಿ ಎಸ್‌ಎಸ್‌ಡಿ ಕೊಂಡು ಎನ್‌ಕ್ಲೋಷರ್‌ನಲ್ಲಿ ಹಾಕಿಕೊಳ್ಳುವುದು ಈಗ ರೂಢಿ, ಅಗ್ಗವೂ ಹೌದು. ಆದರೆ ಎನ್‌ಕ್ಲೋಷರ್ ಒಳಗೆ ಯುಎಸ್‌ಬಿ ಭಾಷೆಯನ್ನು ಡ್ರೈವ್‌ನ ಭಾಷೆಗೆ ತಿರುಗಿಸುವ ಒಂದು ಚಿಪ್ ಕೂತಿರುತ್ತದೆ. ಹಳೆಯ ವಿಧಾನದಲ್ಲಿ ಅದು ಒಂದು ಆದೇಶ ಮುಗಿದ ಮೇಲೆ ಇನ್ನೊಂದನ್ನು ತೆಗೆದುಕೊಳ್ಳುತ್ತದೆ. ಯುಎಎಸ್‌ಪಿ ಎಂಬ ಹೊಸ ವಿಧಾನದಲ್ಲಿ ಹಲವನ್ನು ಒಟ್ಟಿಗೆ ನಿಭಾಯಿಸುತ್ತದೆ. ಡಿವೈಸ್ ಮ್ಯಾನೇಜರ್‌ನ ಸ್ಟೋರೇಜ್ ಕಂಟ್ರೋಲರ್‌ಗಳ ಪಟ್ಟಿಯಲ್ಲಿ ‘ಯುಎಸ್‌ಬಿ ಅಟ್ಯಾಚ್ಡ್ ಸ್ಕಸಿ’ ಎಂಬ ಹೆಸರು ಕಂಡರೆ ಹೊಸ ವಿಧಾನ. ವಿದ್ಯುತ್ತಿನ ಮಾತೂ ಇದೆ. ಸಾಮಾನ್ಯ ಯುಎಸ್‌ಬಿ 3.0 ಪೋರ್ಟು ಕೊಡುವುದು 900 ಮಿಲಿಆಂಪ್, ಅಂದರೆ ನಾಲ್ಕೂವರೆ ವ್ಯಾಟ್. ಭಾರೀ ಬರವಣಿಗೆ ಹೊತ್ತಿನಲ್ಲಿ ಕೆಲವು ಎನ್‌ವಿಎಂಇ ಡ್ರೈವ್‌ಗಳಿಗೆ ಅದು ಸಾಲುವುದಿಲ್ಲ. ಆಗ ಡ್ರೈವ್ ನಡುವೆಯೇ ಕಾಣೆಯಾಗಿ ಮತ್ತೆ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕಾಪಿ ನಡುದಾರಿಯಲ್ಲಿ ಕುಸಿದರೆ ಡ್ರೈವ್‌ನ ಹೊಟ್ಟೆಯೊಳಗೆ ನೋಡಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ.

ಫ್ಲ್ಯಾಶ್ ಮೆಮೊರಿಯ ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ ಬರೆಯುವುದು ಬಹಳ ವೇಗ. ಆದರೆ ಜಾಗ ದುಬಾರಿ. ಹಾಗಾಗಿ ಟಿಎಲ್‌ಸಿ ಎಂಬ ಬಗೆಯಲ್ಲಿ ಕೋಶಕ್ಕೆ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್ ತುರುಕುತ್ತಾರೆ. ನಾಲ್ಕು ಬಿಟ್ ಎಂದರೆ ಒಂದೇ ಕೋಶದಲ್ಲಿ ಹದಿನಾರು ಬೇರೆ ಬೇರೆ ವಿದ್ಯುತ್ ಮಟ್ಟಗಳನ್ನು ನಿಖರವಾಗಿ ಕೂರಿಸಬೇಕು. ಬರೆಯುವುದು ಸಹಜವಾಗಿಯೇ ನಿಧಾನ. ಈ ನಿಧಾನವನ್ನು ಮರೆಮಾಡಲು ಡ್ರೈವ್‌ನ ಒಂದು ಭಾಗವನ್ನು ಕೋಶಕ್ಕೆ ಒಂದು ಬಿಟ್‌ನಂತೆ ಬಳಸುತ್ತಾರೆ. ಅದೇ ಕ್ಯಾಶ್. ನೀವು ಕಳಿಸಿದ ಫೈಲು ಮೊದಲು ಅಲ್ಲಿಗೆ ಹೋಗುತ್ತದೆ. ನೀವು ಎದ್ದು ಚಹಾ ಕುಡಿಯಲು ಹೋದಾಗ ಡ್ರೈವ್ ಅದನ್ನು ನಿಧಾನವಾಗಿ ಒಳಗಿನ ಮೂರು-ನಾಲ್ಕು ಬಿಟ್‌ನ ಕೋಶಗಳಿಗೆ ಸಾಗಿಸುತ್ತದೆ. ಡಬ್ಬದ ಮೇಲೆ ಅಚ್ಚಾದ ವೇಗ ಈ ಕ್ಯಾಶ್‌ನ ವೇಗ.

ಕಾಗದ-ಪತ್ರ, ನಾಲ್ಕು ಫೋಟೊ, ಒಂದು ಸಿನಿಮಾ ಕಾಪಿ ಮಾಡುವವರಿಗೆ ಕ್ಯಾಶ್ ತುಂಬುವುದೇ ಇಲ್ಲ. ಈ ಏರ್ಪಾಡು ಅವರಿಗೆ ಮೋಸವಲ್ಲ. 360 ಜಿಬಿ ಮದುವೆಗೆ ಮಾತ್ರ ತೊಂದರೆ. ಸ್ಯಾಮ್‌ಸಂಗ್ 870 ಕ್ಯೂವಿಒ ಎಂಬ ಕ್ಯೂಎಲ್‌ಸಿ ಡ್ರೈವ್ ಉದಾಹರಣೆಗೆ ಅನುಕೂಲ, ಯಾಕೆಂದರೆ ಆ ಕಂಪನಿ ಒಳಗಿನ ಅಂಕಿಗಳನ್ನೂ ಪ್ರಕಟಿಸಿದೆ. 1 ಟಿಬಿ ಮಾದರಿಯಲ್ಲಿ ಕ್ಯಾಶ್ ಗರಿಷ್ಠ 42 ಜಿಬಿ. ಅದರೊಳಗೆ ಬರೆಯುವ ವೇಗ 530 ಎಂಬಿ. ತುಂಬಿದ ಮೇಲೆ 80 ಎಂಬಿ. ನಮ್ಮ ಲೆಕ್ಕಕ್ಕೆ ಹಚ್ಚಿದರೆ ಮೊದಲ 42 ಜಿಬಿ ಒಂದೂಕಾಲು-ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ, ಉಳಿದ 318 ಜಿಬಿಗೆ ಒಂದು ತಾಸಿಗೂ ಹೆಚ್ಚು ಬೇಕು. ಒಳ್ಳೆಯ ಹಾರ್ಡ್ ಡಿಸ್ಕ್ ಈ ಕೆಲಸವನ್ನು ಅದಕ್ಕಿಂತ ಬೇಗ ಮುಗಿಸುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ. ಅದೇ ಡ್ರೈವ್‌ನ 2 ಟಿಬಿ ಮಾದರಿಯಲ್ಲಿ ಕ್ಯಾಶ್ 78 ಜಿಬಿ, ಆಮೇಲಿನ ವೇಗ 160 ಎಂಬಿ. ಅಂದರೆ ಗಾತ್ರ ದೊಡ್ಡದಾದಂತೆ ಜಾಗ ಮಾತ್ರವಲ್ಲ, ದಮ್ಮೂ ಹೆಚ್ಚುತ್ತದೆ.

ಇನ್ನೊಂದು ಸೂಕ್ಷ್ಮ: ಬಹುತೇಕ ಡ್ರೈವ್‌ಗಳಲ್ಲಿ ಕ್ಯಾಶ್ ಖಾಲಿ ಜಾಗವನ್ನು ಅವಲಂಬಿಸಿದೆ. ಡ್ರೈವ್ ಮುಕ್ಕಾಲು ತುಂಬಿದ ಮೇಲೆ ಕ್ಯಾಶ್ ಚಿಕ್ಕದಾಗುತ್ತದೆ. ‘ತಂದಾಗ ಓಡ್ತಿತ್ತು, ಈಗ ಓಡವಲ್ದು’ ಎಂಬ ದೂರಿನ ಹಿಂದೆ ಹಲವು ಸಲ ಹೋದ ವರ್ಷದ ಜಾತ್ರೆ, ಅದಕ್ಕೂ ಹಿಂದಿನ ವರ್ಷದ ಮದುವೆಗಳೆಲ್ಲ ಅಲ್ಲೇ ಕೂತಿರುತ್ತವೆ. ಐದನೇ ಒಂದು ಪಾಲು ಖಾಲಿ ಬಿಡುವುದು ಒಳ್ಳೆಯ ಅಭ್ಯಾಸ. ಅಳಿಸಿದ ಜಾಗ ಖಾಲಿಯಾಗಿದೆ ಎಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಎಂಬ ಆದೇಶ ಒಳಗಿನ ಡ್ರೈವ್‌ಗಳಿಗೆ ತಾನಾಗಿ ಹೋಗುತ್ತದೆ. ಹೊರಗಿನ ಎನ್‌ಕ್ಲೋಷರ್‌ಗಳಲ್ಲಿ ಅದು ಆ ಚಿಪ್‌ನ ಯೋಗ್ಯತೆಯನ್ನು ಅವಲಂಬಿಸಿದೆ.

ಇದೆಲ್ಲ ಗೊತ್ತಿದ್ದು ಡ್ರೈವ್ ಆರಿಸಿದರೂ ಕೈಕೊಡುವ ಸಂಭವವಿದೆ ಎಂಬುದನ್ನು 2021 ತೋರಿಸಿತು. ಆ ವರ್ಷ ಕ್ರೂಶಿಯಲ್ ಪಿ2 ಎಂಬ ಡ್ರೈವ್ ಅದೇ ಹೆಸರಿನಲ್ಲಿ ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಇಳಿದಿರುವುದನ್ನು ವಿಮರ್ಶಕರು ಪತ್ತೆ ಮಾಡಿದರು. ವೆಸ್ಟರ್ನ್ ಡಿಜಿಟಲ್‌ನ ಬ್ಲೂ ಎಸ್‌ಎನ್550 ಕೂಡ ಜೂನ್‌ನಿಂದ ಬೇರೆ ಫ್ಲ್ಯಾಶ್‌ನೊಂದಿಗೆ ಬರುತ್ತಿತ್ತು. ಕ್ಯಾಶ್ ತುಂಬಿದ ನಂತರದ ವೇಗ ಪರೀಕ್ಷೆಯಲ್ಲಿ 610 ಎಂಬಿಯಿಂದ 390ಕ್ಕೆ ಕುಸಿದಿತ್ತು. ಡಬ್ಬದ ಮೇಲಿನ ಅಂಕಿ ಮಾತ್ರ ಎಳ್ಳಷ್ಟೂ ಬದಲಾಗಿರಲಿಲ್ಲ. ಗದ್ದಲವಾದ ಮೇಲೆ ವೆಸ್ಟರ್ನ್ ಡಿಜಿಟಲ್ ಬದಲಾವಣೆಯನ್ನು ಒಪ್ಪಿಕೊಂಡು, ಇನ್ನು ಮುಂದೆ ಹೀಗೆ ಬದಲಿಸಿದರೆ ಹೊಸ ಮಾದರಿ ಸಂಖ್ಯೆ ಕೊಡುತ್ತೇವೆ ಎಂದಿತು. ವಿಮರ್ಶಕರ ಕೈಗೆ ಒಂದು ಮಾಲು, ಗಿರಾಕಿಯ ಕೈಗೆ ಇನ್ನೊಂದು: ಇದನ್ನು ನಯವಾದ ಪದದಲ್ಲಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಪರೀಕ್ಷೆ ಮಾಡುವಾಗಲೂ ಇದೇ ಎಚ್ಚರ ಬೇಕು. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತೆರೆದು ಗುಂಡಿ ಒತ್ತಿದರೆ ಅದು 1 ಜಿಬಿ ಫೈಲಿನಿಂದ ಅಳೆಯುತ್ತದೆ. ಅಷ್ಟು ಕ್ಯಾಶ್‌ನ ಮೂಲೆಗೂ ಸಾಲದು. ಗಾತ್ರವನ್ನು 64 ಜಿಬಿಗೆ ಏರಿಸಿದರೆ ಬಣ್ಣ ಬಯಲಾಗಲು ಶುರುವಾಗುತ್ತದೆ. ಎರಡೂ ಡ್ರೈವ್‌ಗಳನ್ನು ಬೇರೆ ಬೇರೆಯಾಗಿ ಅಳೆಯಿರಿ: ಮೂಲದ ಓದುವ ವೇಗ, ಗಮ್ಯದ ಬರೆಯುವ ವೇಗ. ಎರಡರಲ್ಲಿ ಕಡಿಮೆಯದೇ ನಿಮ್ಮ ಕಾಪಿಯ ಮಿತಿ. ನಿಧಾನವಿರುವುದು ಯಾವುದೆಂದು ತಿಳಿಯದೆ ದುಬಾರಿ ಡ್ರೈವ್ ತಂದು ಹಳೆಯದರ ಎದುರು ಕೂರಿಸಿದರೆ ದುಡ್ಡು ದಂಡ.

ಈಗ ನಮ್ಮ ಸೀಮೆಯದೇ ಆದ ಶತ್ರು, ಬಿಸಿಲು. ಯಾದಗಿರಿ, ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್-ಮೇ ಎಂದರೆ 40 ಡಿಗ್ರಿ ದಾಟಿದ ದಿನಗಳು. ಮದುವೆಗಳೂ ಆಗಲೇ. ಎನ್‌ವಿಎಂಇ ಡ್ರೈವ್ ಮೈಮುರಿದು ಬರೆಯುವಾಗ ಬೆರಳಗಲದ ಪಟ್ಟಿಯಿಂದ ಐದಾರು ವ್ಯಾಟ್ ಬಿಸಿ ಹೊರಬೀಳುತ್ತದೆ. ಹಲವು ಡ್ರೈವ್‌ಗಳ ಕೆಲಸದ ಮಿತಿ 70 ಡಿಗ್ರಿ. ಅದರ ಆಸುಪಾಸಿಗೆ ಬಂದಾಗ ಕಂಟ್ರೋಲರ್ ತಾನೇ ವೇಗ ಇಳಿಸಿ ಜೀವ ಉಳಿಸಿಕೊಳ್ಳುತ್ತದೆ, ತಣ್ಣಗಾದ ಮೇಲೆ ಏರಿಸುತ್ತದೆ. ಎಸಿ ಇರುವ ಕೋಣೆಯಲ್ಲಿ 22 ಡಿಗ್ರಿಯಿಂದ ಶುರುವಾಗುವ ಡ್ರೈವ್‌ಗೂ, ತಗಡಿನ ಮಾಡಿನ ಕೆಳಗೆ 42ರಿಂದ ಶುರುವಾಗುವ ಡ್ರೈವ್‌ಗೂ ಮಿತಿ ಮುಟ್ಟಲು ಉಳಿದಿರುವ ಅಂತರ ಒಂದೇ ಅಲ್ಲ. ತಂಪು ಕೋಣೆಯಲ್ಲಿ ಕೂತು ಬರೆದ ವಿಮರ್ಶೆಗಳನ್ನು ಓದುವಾಗ ಇದನ್ನು ನಾವೇ ಸೇರಿಸಿಕೊಂಡು ಓದಬೇಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಡ್ರೈವ್‌ನ ಉಷ್ಣತೆಯನ್ನೂ ತೋರಿಸುತ್ತದೆ. ಕಾಪಿ ನಡೆಯುತ್ತಿರುವಾಗಲೇ ಅದನ್ನು ತೆರೆದಿಟ್ಟು, ಗ್ರಾಫ್ ಇಳಿಯುವ ಹೊತ್ತಿಗೆ ಉಷ್ಣತೆ ಎಷ್ಟಿದೆ ನೋಡಿ. ಗುಮಾನಿ ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ಪರಿಹಾರಗಳು ಸರಳ. ಪ್ಲಾಸ್ಟಿಕ್ ಎನ್‌ಕ್ಲೋಷರ್ ಬೇಡ, ಅಲ್ಯುಮಿನಿಯಂ ಇರಲಿ. ಅದರೊಳಗಿನ ರಬ್ಬರಿನಂಥ ಥರ್ಮಲ್ ಪ್ಯಾಡ್ ಡ್ರೈವ್‌ಗೂ ಲೋಹಕ್ಕೂ ತಾಗುವಂತೆ ಇರಬೇಕು. ಪ್ಯಾಡಿನ ಎರಡೂ ಬದಿಯ ತೆಳು ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಜೋಡಿಸಿದ ಡಬ್ಬಿಗಳು ಕಡಿಮೆಯಿಲ್ಲ, ಬಿಚ್ಚಿ ನೋಡಿ. ಕಾಪಿ ಹೊತ್ತಿನಲ್ಲಿ ಡ್ರೈವನ್ನು ಯುಪಿಎಸ್ ಮೇಲೆ, ಲ್ಯಾಪ್‌ಟಾಪ್‌ನ ಬಿಸಿಗಾಳಿ ಬರುವ ಬದಿಯಲ್ಲಿ, ಹಾಸಿಗೆ ಮೇಲೆ ಇಡಬೇಡಿ. ಒಂದು ಟೇಬಲ್ ಫ್ಯಾನ್ ಸಾಕಷ್ಟು ಕೆಲಸ ಮಾಡುತ್ತದೆ. ಫ್ರಿಜ್‌ನಲ್ಲಿಟ್ಟು ತೆಗೆದರೆ ತೇವ ಕಟ್ಟಿ ಇದ್ದದ್ದೂ ಹೋದೀತು.

ಬಿಸಿಲಿಗೆ ಇನ್ನೊಂದು ಮುಖವಿದೆ, ಅದು ಹಳೆಯ ದತ್ತಾಂಶದ್ದು. ಫ್ಲ್ಯಾಶ್ ಕೋಶದಲ್ಲಿ ಕೂಡಿಟ್ಟ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ. ಮಟ್ಟ ಅಳೆಯಲು ಬಾರದಿದ್ದಾಗ ಡ್ರೈವ್ ಮತ್ತೆ ಮತ್ತೆ ಓದಿ ನೋಡುತ್ತದೆ, ಹೊರಗಿನವರಿಗೆ ಅದು ನಿಧಾನವಾಗಿ ಕಾಣುತ್ತದೆ. 2014ರಲ್ಲಿ ಸ್ಯಾಮ್‌ಸಂಗ್ 840 ಇವಿಒ ಡ್ರೈವ್‌ಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು: ಹೊಸ ಫೈಲುಗಳು ಸರಾಗ, ತಿಂಗಳುಗಟ್ಟಲೆ ಮುಟ್ಟದ ಫೈಲುಗಳು ಆಮೆನಡಿಗೆ. ಅದನ್ನು ಸರಿಪಡಿಸಲು ಆ ಅಕ್ಟೋಬರ್‌ನಲ್ಲಿ ಒಂದು ಫರ್ಮ್‌ವೇರ್ (ಡ್ರೈವ್‌ನೊಳಗಿನ ತಂತ್ರಾಂಶ) ಬಂತು, ಸಾಲದೆ 2015ರ ಏಪ್ರಿಲ್‌ನಲ್ಲಿ ಇನ್ನೊಂದು. ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ನಿಗದಿತ ಬರವಣಿಗೆಯ ಆಯುಷ್ಯ ಪೂರ್ತಿ ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಳ್ಳಬೇಕು. ಬಿಸಿ ಏರಿದಂತೆ ಆ ಅವಧಿ ಕುಗ್ಗುತ್ತದೆ. ಹೊಸ ಡ್ರೈವ್‌ಗಳು ಇದಕ್ಕಿಂತ ಬಹಳ ಹೆಚ್ಚು ತಾಳುತ್ತವೆ, ಗಾಬರಿ ಬೇಡ. ಆದರೆ ಬೀರುವಿನಲ್ಲಿ ಮೂರು ಬೇಸಿಗೆ ಮಲಗಿದ ಸವೆದ ಎಸ್‌ಎಸ್‌ಡಿಯನ್ನು ದಾಖಲೆಯ ಪೆಟ್ಟಿಗೆ ಎಂದು ನಂಬುವುದು ಜಾಣತನವಲ್ಲ. ಕಾಯ್ದಿಡುವ ಕೆಲಸಕ್ಕೆ ಹಾರ್ಡ್ ಡಿಸ್ಕ್ ಇಂದಿಗೂ ಮೇಲು.

ಸಣ್ಣ ಫೈಲುಗಳ ವಿಷಯ ಬೇಗ ಮುಗಿಸಬಹುದು. ಒಂದು 40 ಜಿಬಿ ವಿಡಿಯೊ ಹೋಗುವ ವೇಗದಲ್ಲಿ ಒಂದು ಲಕ್ಷ ಚಿಕ್ಕ ಫೈಲುಗಳ 40 ಜಿಬಿ ಹೋಗುವುದಿಲ್ಲ. ಪ್ರತಿ ಫೈಲಿಗೂ ತೆರೆ, ಹೆಸರು ಬರೆ, ಮುಚ್ಚು ಎಂಬ ಶಾಸ್ತ್ರವಿದೆ. ಅದರ ಮೇಲೆ ಆಂಟಿವೈರಸ್ ಒಂದೊಂದನ್ನೂ ಮೂಸಿ ನೋಡುತ್ತದೆ. ಎಡಿಟಿಂಗ್ ಪ್ರಾಜೆಕ್ಟಿನ ಪ್ರಿವ್ಯೂ ಮತ್ತು ಕ್ಯಾಶ್ ಫೋಲ್ಡರ್‌ಗಳನ್ನು ಕಾಪಿ ಮಾಡುವ ಅಗತ್ಯವೇ ಇಲ್ಲ, ಅವು ಮತ್ತೆ ಹುಟ್ಟುತ್ತವೆ. ಫೋಟೊ ರಾಶಿಯಿದ್ದರೆ ಕುಗ್ಗಿಸದೆ ಒಂದೇ ಜಿಪ್ ಮಾಡಿ ಕಳಿಸಿ, ಅಥವಾ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಆದೇಶದ ‘ಎಂಟಿ’ ಆಯ್ಕೆಯಲ್ಲಿ ಹಲವು ಫೈಲುಗಳನ್ನು ಒಟ್ಟಿಗೆ ಓಡಿಸಿ.

ವಿಂಡೋಸ್ ಮೇಲಿನ ಆರೋಪ ಪೂರ್ತಿ ಸುಳ್ಳೂ ಅಲ್ಲ. ವಿಂಡೋಸ್ 11 ಬಂದ ಹೊಸದರಲ್ಲಿ ಪ್ರತಿ ಬರವಣಿಗೆಯ ಜೊತೆ ಬೇಡದ ಕೆಲಸ ಮಾಡಿ ಡ್ರೈವ್‌ಗಳನ್ನು ನಿಧಾನಿಸುತ್ತಿತ್ತು. 2021ರ ಡಿಸೆಂಬರ್ ಹೊತ್ತಿಗೆ ಅದನ್ನು ತಿದ್ದಿದರು. 2022ರ 22ಎಚ್2 ಆವೃತ್ತಿಯಲ್ಲಿ ಬಹು ದೊಡ್ಡ ಫೈಲುಗಳ ಕಾಪಿ ಕುಂಟಿತು. ಆಗ ಮೈಕ್ರೋಸಾಫ್ಟ್‌ನವರೇ ಹೇಳಿದ ತಾತ್ಕಾಲಿಕ ಉಪಾಯ ರೋಬೊಕಾಪಿಯ ‘ಜೆ’ ಆಯ್ಕೆ. ಬಿಟ್‌ಲಾಕರ್ ಎಂಬ ಬೀಗವೂ ಭಾರ ಹಾಕುತ್ತದೆ. 2023ರ ಒಂದು ಪರೀಕ್ಷೆಯಲ್ಲಿ ಕೆಲವು ಬಗೆಯ ಕೆಲಸಗಳಲ್ಲಿ ಎಸ್‌ಎಸ್‌ಡಿ ವೇಗ ಶೇ 45ರವರೆಗೆ ಇಳಿದಿತ್ತು, ಆದರೆ ದೊಡ್ಡ ವಿಡಿಯೊ ಫೈಲಿನ ನೇರ ಕಾಪಿಯಲ್ಲಿ ಅಷ್ಟು ಪೆಟ್ಟು ಬೀಳುವುದಿಲ್ಲ. ಇನ್ನು ‘ಬೆಟರ್ ಪರ್ಫಾರ್ಮೆನ್ಸ್’ ಎಂಬ ಆಯ್ಕೆ ಹಚ್ಚಿ ಎಂದು ಬಹಳ ಕಡೆ ಸಲಹೆ ಸಿಗುತ್ತದೆ. ಹೊರಗಿನ ಡ್ರೈವ್‌ಗೆ ಅದನ್ನು ಹಚ್ಚಿದರೆ ವಿಂಡೋಸ್ ಬರೆಯಬೇಕಾದ್ದನ್ನು ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೇಳದೆ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರಿಗೆ ನಾನಂತೂ ಇದನ್ನು ಶಿಫಾರಸು ಮಾಡುವುದಿಲ್ಲ. ಉಳಿಯುವುದು ನಿಮಿಷಗಳು, ಹೋದರೆ ಹೋಗುವುದು ಯಾರದೋ ಮದುವೆ.

ನಕಲಿಗಳ ಬಗ್ಗೆ ಎರಡು ಮಾತು. ಎರಡು-ಮೂರು ಸಾವಿರಕ್ಕೆ ‘16 ಟಿಬಿ ಎಸ್‌ಎಸ್‌ಡಿ’ ಎಂದು ಆನ್‌ಲೈನ್‌ನಲ್ಲಿ ಮಾರುವ ಡಬ್ಬಿಗಳನ್ನು ಬಿಚ್ಚಿದರೆ ಒಳಗೆ ಸಿಗುವುದು ಮೆಮೊರಿ ಕಾರ್ಡು ಮತ್ತು ಯುಎಸ್‌ಬಿ 2.0 ಚಿಪ್ಪು. ಗಾತ್ರದ ಬಗ್ಗೆ ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ನಿಜವಾದ ಜಾಗ ಮುಗಿದ ಮೇಲೂ ಕಾಪಿ ನಡೆಯುತ್ತಲೇ ಇರುತ್ತದೆ, ಫೈಲಿನ ಹೆಸರೂ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನ ಡ್ರೈವ್ ಪೂರ್ತಿ ಬರೆದು ಮರಳಿ ಓದಿ ಈ ಸುಳ್ಳನ್ನು ಹಿಡಿಯುತ್ತದೆ. ಕ್ಯಾಶ್ ಮುಗಿದ ನಂತರದ ವೇಗವೂ ಅದೇ ಪರೀಕ್ಷೆಯಲ್ಲಿ ಬಯಲಿಗೆ ಬರುತ್ತದೆ.

ಕೊನೆಗೆ, ನಿಜವಾಗಿಯೂ ಡ್ರೈವ್ ಸಾಯುತ್ತಿರುವ ಪ್ರಕರಣಗಳು. ಹಾರ್ಡ್ ಡಿಸ್ಕಿನಂತೆ ಎಸ್‌ಎಸ್‌ಡಿ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಒಂದೇ ಫೈಲಿನಲ್ಲಿ ಒಂದೇ ಜಾಗಕ್ಕೆ ಬಂದು ಕಾಪಿ ನಿಲ್ಲುವುದು, ಡ್ರೈವ್ ಇದ್ದಕ್ಕಿದ್ದಂತೆ ಓದಲು ಮಾತ್ರ ಬಿಡುವುದು, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುವ ಹೆಲ್ತ್ ಶೇಕಡಾ ಕುಸಿಯುವುದು ಅದರ ಭಾಷೆ. ಸಾಟಾ ಡ್ರೈವ್‌ನಲ್ಲಿ ‘ಸಿಆರ್‌ಸಿ ಎರರ್’ ಎಂಬ ಎಣಿಕೆ ಏರುತ್ತಿದ್ದರೆ ಮಾತ್ರ ಸ್ವಲ್ಪ ಸಮಾಧಾನ. ಅದು ಹೆಚ್ಚಾಗಿ ಸಾಟಾ ಕೇಬಲ್‌ನ ದೋಷ, ಕೇಬಲ್ ಬದಲಿಸಿದರೆ ಏರುವುದು ನಿಲ್ಲುತ್ತದೆ. ಉಳಿದ ಲಕ್ಷಣಗಳು ಕಂಡಾಗ ಪರೀಕ್ಷೆ, ಫಾರ್ಮ್ಯಾಟ್, ಫರ್ಮ್‌ವೇರ್ ಯಾವುದಕ್ಕೂ ಕೈಹಾಕಬೇಡಿ. ಇದ್ದದ್ದನ್ನು ಎಷ್ಟು ನಿಧಾನವಾದರೂ ಸರಿ ಮೊದಲು ಹೊರಗೆ ತೆಗೆಯಿರಿ.

ಬೆಂಗಳೂರಿನಲ್ಲಿ ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್‌ನಂಥ ಕಂಪನಿಗಳ ಸಂಶೋಧನಾ ಕೇಂದ್ರಗಳಿವೆ. ಕ್ಯಾಶ್ ತುಂಬಿದ ಮೇಲೆ ತಮ್ಮ ಡ್ರೈವ್ ಎಷ್ಟು ವೇಗದಲ್ಲಿ ಬರೆಯುತ್ತದೆ ಎಂಬುದು ತಯಾರಕರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಒಂದು ಅಂಕಿಯನ್ನು ಡಬ್ಬದ ಮೇಲೆ ಅಚ್ಚು ಹಾಕಿದರೆ ಅರ್ಧ ದೂರುಗಳು ಅಂಗಡಿಯಲ್ಲೇ ಮುಗಿಯುತ್ತವೆ. ಅಲ್ಲಿಯವರೆಗೆ ಕೊಳ್ಳುವವರೇ ಕೇಳಬೇಕು: ‘ಇದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ? ತುಂಬಿದ ಮೇಲೆ ಎಷ್ಟು ಓಡ್ತದ?’ ಹೊಸ ಡ್ರೈವನ್ನು ಜಾತ್ರೆಗೆ ಮುಂಚೆ, ನಿಮ್ಮ ನಿಜವಾದ ಕೆಲಸದಷ್ಟೇ ದೊಡ್ಡ ಫೈಲು ಹಾಕಿ, ನಿಮ್ಮದೇ ಕೇಬಲ್‌ನಲ್ಲಿ, ನಿಮ್ಮದೇ ಕೋಣೆಯ ಬಿಸಿಯಲ್ಲಿ ಓಡಿಸಿ ನೋಡಿ. ಮತ್ತೆ, ಕಾಪಿ ಎಷ್ಟೇ ಬೇಗ ಮುಗಿದಿರಲಿ, ಎರಡು ಬೇರೆ ಡ್ರೈವ್‌ಗಳಲ್ಲಿ ಫೈಲು ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.